ದಾರಿ ಮೊದಲ ನಮ್ದು

ಲಾರಿಯ ಬ್ರೇಕ್ ಕೈಕೊಡಬಹುದಿತ್ತು. ಕುರಿಗಳು ನಡುರಸ್ತೆಯಲ್ಲಿ ಬೆದರಬಹುದಿತ್ತು. ಒಂದು ಕುರಿಯೂ ಇಲ್ಲದ ನನ್ನನ್ನೇ ಕುರಿಗಾಹಿ ಎಂದು ಪೊಲೀಸರು ಹಿಡಿದೊಯ್ಯಬಹುದಿತ್ತು. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಪಕ್ಕ ಸ್ಕೂಟರ್ ನಿಲ್ಲಿಸಿಕೊಂಡು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ.

ಬಿಜ್ಜರಗಿ ಕಡೆಯ ಆ ಕುರಿಗಾಹಿ ಮುದುಕಿ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಅವಳ ಹಳೆಯ ಬಂಡಿದಾರಿಯನ್ನು ಹೆದ್ದಾರಿ ಎರಡು ತುಂಡು ಮಾಡಿತ್ತು. ಬಾಯಾರಿದ ಕುರಿಗಳಿಗೆ ನೀರು ಆಚೆ ಬದಿಗಿತ್ತು.

“ಎವ್ವಾ, ಸೇತುವೆ ಮುಂದ ಐತಿ. ಸುತ್ತ ಹಾಕ್ಕೊಂಡು ಹೋಗು,” ಎಂದ ಜೀಪು ನಿಲ್ಲಿಸಿದ ಹೆದ್ದಾರಿ ಗಸ್ತಿನವನು.

“ದಾರಿ ಮೊದಲ ನಮ್ದೋ ಯಪ್ಪಾ. ನಿನ್ನ ರಸ್ತಾ ನಿನ್ನೆ ಬಂದೈತಿ. ಸುತ್ತ ಹಾಕಂತ ಅದಕ್ಕ ಹೇಳು.”

ಈ ರಸ್ತೆಯಲ್ಲಿ ನನಗೆ ಕಂಡಾಗಲೆಲ್ಲ ಅವಳ ಬಾಯಲ್ಲಿ ಇದೇ ಮಾತು.

ಅವಳ ಹಿಂಡಿನಲ್ಲಿ ಒಂದು ಹೋತವಿತ್ತು; ಅದು ಮುಂದೆ ನಡೆದರೆ ಕುರಿಗಳೆಲ್ಲ ಅದರ ಹಿಂದೆ ಬರುತ್ತವೆ. ಅದರ ಹಗ್ಗವನ್ನು ಅವಳು ನನ್ನ ಕೈಗಿಟ್ಟಳು. “ಹಿಡೀರಿ ಸಾಹೇಬ್ರ. ಹೋತ ಅಂಜಂಗಿಲ್ಲ, ನೀವೂ ಅಂಜಬ್ಯಾಡ್ರಿ.”

ನಡುರಸ್ತೆಗಿಳಿದು ಕೋಲೆತ್ತಿದಳು. ಮೂರ್ನಾಲ್ಕು ರಾಜ್ಯ ದಾಟಿ ಬಂದ ಲಾರಿಗಳು ಹಾರ್ನ್ ಹೊಡೆಯುತ್ತ ಸಾಲಾಗಿ ನಿಂತವು. ಅವಳು ಕೋಲು ಇಳಿಸಲಿಲ್ಲ. ನಾನು ಅರ್ಧ ಕಣ್ಣು ಮುಚ್ಚಿಕೊಂಡೇ ನಡೆದೆ. ಒಂದು ಮರಿಯೂ ಹಿಂದುಳಿಯಲಿಲ್ಲ.

ಆಚೆ ಬದಿಯಲ್ಲಿ ಪೂರ್ತಿ ಕಣ್ಣು ಬಿಟ್ಟಾಗ, ಹೋತ ನನ್ನ ಹೆಗಲಚೀಲದಿಂದ ಸ್ಕೂಟರಿನ ವಿಮೆಯ ಕಾಗದ ಎಳೆದು ನಿಧಾನವಾಗಿ ಅಗಿಯುತ್ತಿತ್ತು.