ಸೊನ್ನೆ ಬರೆದ ರೈಟರ್ ಮುನಿರಾಜಪ್ಪ

ಪೊಲೀಸ್ ಠಾಣೆಯ ರೈಟರ್ ಎಂದರೆ ಬರೆಯುವುದೇ ಅವನ ಕೆಲಸ ಎಂದು ತಿಳಿದವರು ಬಹಳ. ಮುನಿರಾಜಪ್ಪ ಹನ್ನೊಂದು ವರ್ಷ ಆ ಕೆಲಸ ಮಾಡಿ ಮೇಲಿನವರಿಂದ ಭೇಷ್ ಅನ್ನಿಸಿಕೊಂಡದ್ದು ಬರೆಯದೇ ಇದ್ದದ್ದಕ್ಕೆ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು.

ಅವನ ಠಾಣೆ ಹಲಸೂರು ದಾಟಿ, ಹಳೇ ಮದರಾಸು ರಸ್ತೆಯಲ್ಲಿ ಕೃಷ್ಣರಾಜಪುರದ ದಿಕ್ಕಿಗೆ ಹೋಗುವಾಗ ಸಿಗುತ್ತಿತ್ತು. ಯಾವ ಠಾಣೆ ಎಂದು ಕೇಳಬೇಡಿ, ಹೇಳುವುದಿಲ್ಲ. ಅಲ್ಲಿದ್ದವರ ಮೊಮ್ಮಕ್ಕಳು ಇವತ್ತಿಗೂ ಅದೇ ರಸ್ತೆಯಲ್ಲಿ ಮರ್ಯಾದೆಯಿಂದ ಓಡಾಡುತ್ತಿದ್ದಾರೆ. ಆಗ ದಂಡು ಪ್ರದೇಶ ಇಂಗ್ಲಿಷರದು, ಅದರಾಚೆಯ ಹಳ್ಳಿಗಳು ಮೈಸೂರು ಮಹಾರಾಜರವು. ನಡುವೆ ಅಲ್ಲಲ್ಲಿ ಗಡಿಕಲ್ಲು ನೆಟ್ಟಿದ್ದರು. ಕಲ್ಲಿನ ಆಚೆಗೆ ಒಂದು ಪೊಲೀಸು, ಈಚೆಗೆ ಇನ್ನೊಂದು ಪೊಲೀಸು.

ದೂರು ಹೊತ್ತು ಬಂದವರನ್ನು ಮುನಿರಾಜಪ್ಪ ಬೆಂಚಿನ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟು, ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಕಲ್ಲಿನ ಯಾವ ಕಡೆ ಆಯಿತು? ಆ ಕಡೆ ಎಂದರೆ ದಂಡಿನ ಠಾಣೆಗೆ ಹೋಗಿ ಎನ್ನುತ್ತಿದ್ದ. ಈ ಕಡೆಯೇ ಎಂದು ಹಟ ಹಿಡಿದರೆ ಒಂದು ಬಿಳಿ ಹಾಳೆ ತೆಗೆದು ಹೇಳಿದ್ದನ್ನೆಲ್ಲ ಚೆಂದವಾಗಿ ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು, ವಿಚಾರಿಸ್ತೀವಿ ಹೋಗಿ ಎಂದು ಕಳಿಸುತ್ತಿದ್ದ. ಬಂದವರಿಗೆ ತಮ್ಮ ದೂರು ಸರ್ಕಾರಕ್ಕೆ ಮುಟ್ಟಿತೆಂಬ ಸಮಾಧಾನ. ಆದರೆ ನಂಬರು ಹಾಕಿದ ದಪ್ಪ ರಿಜಿಸ್ಟರಿನಲ್ಲಿ ಇದ್ದದ್ದು ಮಾತ್ರ ಮೇಲಕ್ಕೆ ಹೋಗುವುದು. ಬಿಳಿ ಹಾಳೆಗಳು ಕಪಾಟಿನ ಮೇಲೆ ಕಟ್ಟಾಗಿ ಬಿದ್ದಿರುತ್ತಿದ್ದವು. ತಿಂಗಳ ಕೊನೆಗೆ ಕೊಲೆ, ಸುಲಿಗೆ, ಕನ್ನ, ಕಳವು ಎಂದು ಮನೆ ಮನೆ ಗೆರೆ ಹಾಕಿದ ಕಾಗದ ಬರುತ್ತಿತ್ತು. ಮುನಿರಾಜಪ್ಪ ಒಂದೊಂದು ಮನೆಯಲ್ಲೂ ದುಂಡಗೆ ಸೊನ್ನೆ ಬರೆಯುತ್ತಿದ್ದ.

ಇದು ಅವನು ಕಂಡುಹಿಡಿದ ವಿದ್ಯೆಯೇನಲ್ಲ. ಅವನ ಹಿಂದಿನ ರೈಟರೂ ಹೀಗೇ ಮಾಡುತ್ತಿದ್ದ. ಅಂಕಿ ಏರಿದರೆ, ನಿಮ್ಮಲ್ಲಿ ಅಪರಾಧ ಯಾಕೆ ಹೆಚ್ಚಾಯಿತು ಎಂದು ಮೇಲಿನಿಂದ ಕಾಗದ ಬರುತ್ತದೆ. ಸೊನ್ನೆಗೆ ಯಾರೂ ಕಾರಣ ಕೇಳುವುದಿಲ್ಲ. ಮುನಿರಾಜಪ್ಪ ಕೆಟ್ಟವನಲ್ಲ, ಆಗಿದ್ದರೆ ಈ ಕಥೆ ಹೇಳುವುದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ದಂಡಿನ ಕಡೆ, ಆಗ ಬ್ಲಾಕ್‌ಪಲ್ಲಿ ಎನ್ನುತ್ತಿದ್ದ ಈಗಿನ ಶಿವಾಜಿನಗರದಲ್ಲಿ, ಅಜ್ಮತ್ ಎಂಬ ರೈಟರ್ ಇದ್ದ. ಕಾಗದ ಪತ್ರ ಬದಲಾಯಿಸಿಕೊಳ್ಳಲು ಇಬ್ಬರೂ ತಿಂಗಳಿಗೊಮ್ಮೆ ಹಲಸೂರಿನ ಒಂದು ಚಹಾದಂಗಡಿಯಲ್ಲಿ ಸೇರುತ್ತಿದ್ದರು. ನಲವತ್ತಮೂರನೇ ಇಸವಿಯಲ್ಲಿ ಒಂದು ದಿನ ಮುನಿರಾಜಪ್ಪ ಅಚ್ಚಾದ ವಾರ್ಷಿಕ ವರದಿಯನ್ನು ಮೇಜಿನ ಮೇಲಿಟ್ಟು ನಕ್ಕ.

“ನೋಡು ಅಜ್ಮತ್, ನಿಮ್ಕಡೆ ನಾನೂರು ಚಿಲ್ಲರೆ. ನಮ್ಕಡೆ ಸೊನ್ನೆ. ಕಳ್ಳರ ಸಂತೆ ಇಟ್ಕೊಂಡಿದ್ದೀರ ನೀವು.”

ಅಜ್ಮತ್ ಚಹಾ ಊದಿಕೊಂಡು ಕುಡಿದ. “ಭಾಯ್, ನಮ್ಮಲ್ಲಿ ದೊರೆಸಾನಿ ನಾಯಿ ಕಳೆದ್ರೂ ಬರೀಬೇಕು. ಸೋಲ್ಜರ್ ಸೈಕಲ್ ಹೋದ್ರೂ ಬರೀಬೇಕು. ಬರೀದಿದ್ರೆ ನನ್ನ ಕೆಲಸ ಹೋಗುತ್ತೆ. ನೀನು ಬರೆದ್ರೆ ನಿನ್ನ ಕೆಲಸ ಹೋಗುತ್ತೆ. ಇಡೀ ದೇಶದ ಪಟ್ಟೀನೂ ಹಿಂಗೇ ಕಣಯ್ಯ. ಮದರಾಸಲ್ಲಿ ಇಷ್ಟು, ಬೊಂಬಾಯಲ್ಲಿ ಅಷ್ಟು ಅಂತಾರಲ್ಲ, ಅದು ಬರೆಯೋರ ಲೆಕ್ಕ. ಕಳ್ಳರ ಲೆಕ್ಕ ಯಾರಿಗೆ ಗೊತ್ತು?”

“ನಿಂಗೆ ಹೊಟ್ಟೆಕಿಚ್ಚು” ಎಂದ ಮುನಿರಾಜಪ್ಪ.

ಮುನಿರಾಜಪ್ಪನಿಗೆ ಒಬ್ಬಳೇ ಅಕ್ಕ, ಮಾರಕ್ಕ. ಹದಿನಾಲ್ಕು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಇವನಿಗೆ ಮೂರು ವರ್ಷ. ಗಂಡ ಸತ್ತು ತವರಿಗೆ ಬಂದ ಮಾರಕ್ಕ ತಮ್ಮನನ್ನು ಸೊಂಟದ ಮೇಲೆ, ಸೊಪ್ಪಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ದಂಡಿನ ಮಾರ್ಕೆಟ್ಟಿಗೆ ನಡೆದವಳು. ದಂಟು, ಕೀರೆ, ಸಬ್ಬಸಿಗೆ ಮಾರಿ ಇವನನ್ನು ಇಸ್ಕೂಲು ಓದಿಸಿದಳು. ಆ ಮುತ್ತಿನಂಥ ಅಕ್ಷರ ಬಂದದ್ದು ಅವಳ ನೆತ್ತಿಯ ಮೇಲಿನ ಭಾರದಿಂದ. ಐವತ್ತೈದು ದಾಟಿದರೂ ಬುಟ್ಟಿ ಬಿಟ್ಟಿರಲಿಲ್ಲ. ಸಾಕು ಬಿಡಕ್ಕ ಎಂದರೆ, “ಕೂತ್ಕಂಡು ತಿಂದ್ರೆ ಕಾಲು ಹಿಡ್ಕಂತದೆ ಕಣೋ” ಎನ್ನುತ್ತಿದ್ದಳು.

ಬೆಳಕು ಹರಿಯುವ ಮುಂಚೆ ಹೊರಟು ಕೆರೆಯ ಏರಿಯ ಮೇಲೆ ಹಾದು ಹೋಗುವುದು ಅವಳ ದಾರಿ. ಸುತ್ತಲಿನ ಹಳ್ಳಿಯ ಹೆಂಗಸರೆಲ್ಲರ ದಾರಿಯೂ ಅದೇ. ಏರಿಯ ಮೇಲೆ ಇಬ್ಬರು ಪೇದೆಗಳ ಪಹರೆ ಇತ್ತು. ಇಬ್ಬರೇ ಎಷ್ಟು ದೂರ ಕಾಯುತ್ತಾರೆ? ಆ ವರ್ಷ ಅಲ್ಲೇ ಮೂರು ಹೆಂಗಸರ ಕಿವಿಯ ಓಲೆ ಹೋದವು. ಮೊದಲು ಬಂದವಳು ದೊಡ್ಡಮುನಿಯಮ್ಮ ಎಂಬ ಮೊಸರು ಮಾರುವವಳು, ಹರಿದ ಕಿವಿಗೆ ಸೆರಗು ಒತ್ತಿಕೊಂಡು. ಆಮೇಲೆ ಎರಡೆರಡು ತಿಂಗಳ ಅಂತರದಲ್ಲಿ ಇನ್ನಿಬ್ಬರು. ಮುನಿರಾಜಪ್ಪ ಮೂವರಿಗೂ ನೀರು ಕೊಟ್ಟ, ಮೂರು ಬಿಳಿ ಹಾಳೆ ಬರೆದ, ಮೂರನ್ನೂ ಕಪಾಟಿನ ಮೇಲಿಟ್ಟ. ತಿಂಗಳ ಕಾಗದದಲ್ಲಿ ಸೊನ್ನೆ ಹೋಯಿತು.

ದೀಪಾವಳಿ ಕಳೆದ ಮೇಲೆ ಮೇಲಿನಿಂದ ಹುಕುಂ ಬಂತು. ಈ ಸರಹದ್ದಿನಲ್ಲಿ ಎರಡು ವರ್ಷದಿಂದ ಒಂದು ಅಪರಾಧವೂ ದಾಖಲಾಗಿಲ್ಲ, ಶ್ಲಾಘನೀಯ. ಏರಿಯ ಮೇಲಿನ ಪಹರೆ ಅನವಶ್ಯಕ. ಇಬ್ಬರು ಪೇದೆಗಳನ್ನು ಕಳವು ಹೆಚ್ಚಿರುವ ಪೇಟೆಯ ಕಡೆಗೆ ಕಳಿಸತಕ್ಕದ್ದು. ಸಬ್ ಇನ್‌ಸ್ಪೆಕ್ಟರ್ ಬೈಲಪ್ಪನವರು ಹುಕುಮನ್ನು ಓದಿ ರೈಟರನ ಬೆನ್ನು ತಟ್ಟಿದರು. ಪೇದೆಗಳು ಮಾರನೆಯ ದಿನವೇ ಗಂಟು ಕಟ್ಟಿದರು.

ಅದಾದ ಕೆಲವು ದಿನಕ್ಕೆ ಮಾರಕ್ಕ ಮುದ್ದೆ ಬಡಿಸುತ್ತಾ ತಮ್ಮನನ್ನು ಕೇಳಿದಳು. “ಏನೋ ರಾಜಪ್ಪ, ಏರಿ ಮೇಲೆ ಓಲೆ ಕಿತ್ಕೊಂಡೋಗ್ತಾರೆ ಅಂತ ಮಾರ್ಕೆಟ್ನಾಗೆ ಮಾತಾಡ್ತಾವ್ರೆ. ಪೊಲೀಸ್ನೋರೂ ಕಾಣಾಕಿಲ್ಲ. ಹೌದೇನೋ? ಹಂಗಿದ್ರೆ ಹೇಳು, ನಾವು ಐದಾರು ಜನ ಒಟ್ಟಿಗೆ ಹೊಂಡ್ತೀವಿ, ಓಲೆ ಮನೇಲೇ ಇಟ್ಬುಟ್ಟು ಹೋಗ್ತೀವಿ.”

“ಬಾಯಿಗೆ ಬಂದಂಗೆ ಹೇಳ್ತಾರೆ ಬಿಡಕ್ಕ. ಎರಡು ವರ್ಷದಿಂದ ನಮ್ಮ ಸರಹದ್ದಿನಲ್ಲಿ ಏನೂ ಆಗಿಲ್ಲ. ಸರ್ಕಾರವೇ ಅಚ್ಚು ಹಾಕ್ಸಿದೆ.”

ಅಕ್ಕನಿಗೆ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ರಿಜಿಸ್ಟರಿನಲ್ಲಿ ಇಲ್ಲ ಎಂಬುದು ಅವನ ತಲೆಯಲ್ಲಿ ಯಾವಾಗಲೋ ಆಗಿಯೇ ಇಲ್ಲ ಎಂದಾಗಿಹೋಗಿತ್ತು. ತಾನೇ ಬರೆದ ಸೊನ್ನೆ ಮೇಲೆ ಹೋಗಿ, ಅಚ್ಚಾಗಿ, ಸರ್ಕಾರದ ಮೊಹರು ಹೊತ್ತು ಕೆಳಗಿಳಿದು ಬಂದಾಗ ಅದನ್ನು ನಿಜವೆಂದು ನಂಬಿದ ಮೊದಲ ಮನುಷ್ಯ ಅವನೇ. ತಮ್ಮ ಪೊಲೀಸು, ಓದಿದವನು, ಅವನಿಗೆ ಗೊತ್ತಿಲ್ಲವೇ ಎಂದು ಮಾರಕ್ಕ ಓಲೆ ಹಾಕಿಕೊಂಡು ಒಬ್ಬಳೇ ನಡೆದಳು.

ಸಂಕ್ರಾಂತಿಗೆ ನಾಲ್ಕು ದಿನ ಇತ್ತು. ಬಟ್ಟೆ ಒಗೆಯಲು ಬಂದವರು ಏರಿಯ ಕೆಳಗೆ, ಮೊಣಕಾಲುದ್ದದ ನೀರಿನಲ್ಲಿ ಮಾರಕ್ಕನನ್ನು ಕಂಡರು. ತಲೆಯ ಹಿಂದೆ ಏಟು ಬಿದ್ದಿತ್ತು. ಎರಡೂ ಕಿವಿ ಹರಿದಿದ್ದವು. ಸಬ್ಬಸಿಗೆ ಸೊಪ್ಪು ನೀರಿನ ಮೇಲೆಲ್ಲ ತೇಲುತ್ತಿತ್ತು. ಮುನಿರಾಜಪ್ಪ ಯೂನಿಫಾರಮ್ಮಿನಲ್ಲೇ ನೀರಿಗಿಳಿದು ಅಕ್ಕನನ್ನು ಎತ್ತಿಕೊಂಡ. ದಡಕ್ಕೆ ತಂದು ಮಲಗಿಸಿ ಅವಳ ಮುಖದ ಕೆಸರನ್ನು ಅಂಗೈಯಿಂದ ಒರೆಸುತ್ತಲೇ ಇದ್ದ. ಸಾಕು ಬಾರಪ್ಪ ಎಂದು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು.

ಠಾಣೆಯಲ್ಲಿ ಬೈಲಪ್ಪನವರು ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಅವರ ದನಿಯಲ್ಲಿ ನಿಜವಾದ ಮರುಕವೇ ಇತ್ತು.

“ಮುನಿರಾಜು, ಕಾಲು ಜಾರಿ ಬಿದ್ಲು ಅಂತ ಬರ್ಕೊಂಬಿಡು. ಆಸ್ಪತ್ರೆಗೆ ಒಯ್ಯೋದು, ಕೊಯ್ಯೋದು ಏನೂ ಬೇಡ. ಸಂಜೆಯೊಳಗೆ ಮಣ್ಣು ಮಾಡ್ಬೋದು.”

“ಕಿವಿ ಸಾರ್?”

“ಮೀನು ಕಚ್ಚಿರುತ್ತೆ.”

ಮುನಿರಾಜಪ್ಪ ಬಿಳಿ ಹಾಳೆ ತೆಗೆದುಕೊಂಡ. ಹನ್ನೊಂದು ವರ್ಷ ಪಳಗಿದ ಕೈ. ಮನಸ್ಸು ಎಲ್ಲಿತ್ತೋ, ಕೈ ಮಾತ್ರ ತನ್ನ ಪಾಡಿಗೆ ತಾನು ಬರೆಯಿತು: ಏರಿಯ ಮೇಲೆ ಹೋಗುವಾಗ ಕಾಲು ಜಾರಿ.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ದೊಡ್ಡಮುನಿಯಮ್ಮ ನಿಂತಿದ್ದಳು. ಅವಳ ಕಿವಿ ಎರಡು ಸೀಳಾಗಿ ಮಾಗಿತ್ತು.

“ಸ್ವಾಮೀ, ನಂದು ಬರ್ಕೊಂಡಿದ್ರಲ್ಲ, ಆ ಕಾಗದ ತೆಗೀರಿ. ನನ್ನ ಕಿವಿ ಹರ್ದೋನೇ ಮಾರಕ್ಕನ್ನೂ ಮುಗ್ಸಿರೋದು. ಎಡಗಡೆ ಹುಬ್ಬಿನ ಮೇಲೆ ಗಾಯದ ಕಲೆ ಐತೆ ಅಂತ ಅವತ್ತೇ ಹೇಳಿದ್ದೆ. ನೀವು ಬರ್ದಿದ್ರಿ.”

ಮುನಿರಾಜಪ್ಪ ಕಪಾಟಿನ ಮೇಲಿನ ಕಟ್ಟು ಇಳಿಸಿ ಬಿಚ್ಚಿದ. ಬರೆದಿದ್ದ, ಹೌದು. ಎಡ ಹುಬ್ಬಿನ ಮೇಲೆ ಗಾಯದ ಕಲೆ, ಕುಳ್ಳ, ಕೆಮ್ಮು. ಮೂರನೆಯ ಹೆಂಗಸಿನ ಹಾಳೆಯಲ್ಲೂ ಅದೇ ಹುಬ್ಬು, ಅದೇ ಕೆಮ್ಮು, ಅದೇ ಚೆಂದದ ಅಕ್ಷರ. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದು ಅದೇ ಮೊದಲು.

“ಇದನ್ನ ಓದಿದ್ಮೇಲೂ ಪಹರೆಯೋರನ್ನ ತೆಗೆದ್ರಾ?” ಎಂದು ದೊಡ್ಡಮುನಿಯಮ್ಮ ಕೇಳಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅವಳಿಗೆ ಅರ್ಥವಾಗಿರಲಿಲ್ಲ, ಅಷ್ಟೇ.

“ಯಾರೂ ಓದಿಲ್ಲಮ್ಮ” ಎಂದ ಮುನಿರಾಜಪ್ಪ.

ಕಾಲು ಜಾರಿದ ಹಾಳೆಯನ್ನು ಹರಿದು ದಪ್ಪ ರಿಜಿಸ್ಟರು ಬಿಚ್ಚಿದ. ಬೈಲಪ್ಪನವರು ಅವನ ಕೈ ಹಿಡಿದುಕೊಂಡರು. “ನಿನ್ನ ಜೊತೆ ನನ್ನನ್ನೂ ಮುಳುಗಿಸ್ತೀಯೇನಯ್ಯಾ?”

“ಸಾರ್, ನಮ್ಮಕ್ಕ ನಲವತ್ತು ವರ್ಷ ಆ ಏರಿ ಮೇಲೆ ನಡೆದವಳು. ನನ್ನನ್ನ ಎತ್ಕೊಂಡು ನಡೆದವಳು. ಅವಳು ಜಾರೋಳಲ್ಲ. ಕೈ ಬಿಡಿ.”

ನಲವತ್ತನಾಲ್ಕನೇ ಇಸವಿಯ ಒಂದನೇ ನಂಬರು: ಮಾರಕ್ಕ, ಸುಲಿಗೆ ಮತ್ತು ಕೊಲೆ. ಎರಡು, ಮೂರು, ನಾಲ್ಕು: ಆ ಮೂವರು ಹೆಂಗಸರು, ಅವರು ಬಂದು ಹೇಳಿದ ತಾರೀಖುಗಳ ಸಮೇತ. ಬರೆಯುವಾಗ ಮೊದಲ ಸಲ ಅವನ ಅಕ್ಷರ ಸೊಟ್ಟಗಾಯಿತು. ಹೆಣ ಆಸ್ಪತ್ರೆಗೆ ಹೋಯಿತು. ಕೊಯ್ದರು. ಮಣ್ಣಾದದ್ದು ಮರುದಿನ.

ಕಳ್ಳ ಸಿಕ್ಕಿದ್ದು ಮೂರೇ ವಾರದಲ್ಲಿ. ಹುಬ್ಬಿನ ಗುರುತು ಕಾಗದದಲ್ಲಿ ದಂಡಿಗೆ ಹೋದಾಗ ಅಜ್ಮತ್ ತನ್ನ ರಿಜಿಸ್ಟರು ತಿರುವಿ ಹಾಕಿದ. ಅದೇ ಗುರುತಿನವನು ಎರಡು ವರ್ಷದ ಹಿಂದೆ ಸೈಕಲ್ ಕದ್ದದ್ದಕ್ಕೆ ಹೆಸರು, ವಿಳಾಸ, ಹೆಬ್ಬೆಟ್ಟಿನ ಸಮೇತ ಅಲ್ಲಿದ್ದ. ದೊಡ್ಡಮುನಿಯಮ್ಮನ ಹಾಳೆ ಏಳು ತಿಂಗಳ ಮುಂಚೆ ಹೋಗಿದ್ದರೆ ಏಳು ತಿಂಗಳ ಮುಂಚೆಯೇ ಸಿಗುತ್ತಿದ್ದ. ಇದನ್ನು ಅಜ್ಮತ್ ಬಾಯಿಬಿಟ್ಟು ಹೇಳಲಿಲ್ಲ. ಚಹಾದಂಗಡಿಯಲ್ಲಿ ಗೆಳೆಯನ ಕೈ ಹಿಡಿದು ಕೂತ.

ಒಂದೇ ತಿಂಗಳಲ್ಲಿ ಸೊನ್ನೆಯಿಂದ ನಾಲ್ಕು. ಮೇಲಿನಿಂದ ಕಾಗದಗಳು ಬಂದವು. ಮುನಿರಾಜಪ್ಪನ ರೈಟರ್ ಕೆಲಸ ಹೋಯಿತು, ಕೈಗೆ ಲಾಠಿ ಬಂತು. ಏರಿಯ ಮೇಲೆ ಪಹರೆ ಮತ್ತೆ ಬಂದಾಗ ಅವನು ಕೇಳಿಕೊಂಡು ಅಲ್ಲಿಗೇ ಹೋದ. ಮುಂಜಾನೆ ಬುಟ್ಟಿ ಹೊತ್ತ ಹೆಂಗಸರು ಎದುರಾದರೆ ಅವನು ಮುಖ ನೋಡುತ್ತಿರಲಿಲ್ಲ. ಮನೆಗೆ ಬಂದು ಒಬ್ಬನೇ ಅಳುತ್ತಿದ್ದ. ಕೊಂದವನಿಗೆ ಶಿಕ್ಷೆಯಾಯಿತು ಎಂದು ಜನ ಸಮಾಧಾನ ಹೇಳಿದರೆ, ತನ್ನ ಎದೆ ಮುಟ್ಟಿಕೊಂಡು, ಇನ್ನೊಬ್ಬ ಉಳಿದಿದ್ದಾನೆ ಎನ್ನುತ್ತಿದ್ದ.

ಎರಡು ವರ್ಷ ಬಿಟ್ಟು ಬಂದ ಅಚ್ಚಿನ ವರದಿಯಲ್ಲಿ ಅವನ ಠಾಣೆಯ ಮುಂದೆ ಹೀಗಿತ್ತು: ಅಪರಾಧ ಹೆಚ್ಚಿರುವುದು ವಿಷಾದಕರ. ಅದರ ಕೆಳಗಿನ ಸಾಲಿನಲ್ಲಿ, ಹೊಸಕೋಟೆ ದಿಕ್ಕಿನ ಇನ್ನೊಂದು ಠಾಣೆ. ಸೊನ್ನೆ, ಸೊನ್ನೆ, ಸೊನ್ನೆ, ಶ್ಲಾಘನೀಯ. ಮುನಿರಾಜಪ್ಪ ಆ ಸಾಲನ್ನು ಬಹಳ ಹೊತ್ತು ನೋಡಿದ. ರಜೆ ಸಿಕ್ಕ ದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಅಷ್ಟು ದೂರ ನಡೆದ.

ಅಲ್ಲಿನ ರೈಟರ್ ಮುನಿಆಂಜನಪ್ಪ, ಮೂವತ್ತರ ಆಸುಪಾಸಿನವನು. ಹಿರಿಯರೆಂದು ಕುರ್ಚಿ ಕೊಟ್ಟ, ನೀರು ಕೊಟ್ಟ. ಮುನಿರಾಜಪ್ಪ ಎಲ್ಲವನ್ನೂ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ಮುನಿಆಂಜನಪ್ಪ ಕಣ್ಣು ತೇವ ಮಾಡಿಕೊಂಡೇ ಕೇಳಿದ.

“ಭಾಳ ಅನ್ಯಾಯ ಅಣ್ಣಾ. ಆದ್ರೆ ನಮ್ಕಡೆ ಹಂಗೆಲ್ಲ ಆಗಲ್ಲ ಬಿಡಿ” ಎಂದ.

ಮುನಿರಾಜಪ್ಪ ಎದ್ದು ನಿಂತ. ಬುತ್ತಿಗಂಟು ಎತ್ತಿಕೊಂಡು ಕೇಳಿದ. “ನಿಮಗೆ ಅಕ್ಕ ತಂಗಿ ಇದಾರಾ?”

“ಅಕ್ಕ ಇದಾಳೆ. ಹತ್ತಿರದಲ್ಲೇ ಮನೆ. ಹಾಲು ಹಾಕೋಕೆ ಹೋಗ್ತಾಳೆ ದಿನಾ. ಯಾಕಣ್ಣಾ?”

“ಮನೆ ಯಾವುದು ಹೇಳಿ.”

ಅಶ್ವತ್ಥಕಟ್ಟೆಯ ಹಿಂದಿನ ಮನೆ. ಹೆಂಗಸು ಕೊಟ್ಟಿಗೆಯಿಂದ ಸೆಗಣಿ ಕೈಯಲ್ಲೇ ಹೊರಗೆ ಬಂದಳು. ಲಾಠಿಯಿಲ್ಲದ, ಟೋಪಿಯಿಲ್ಲದ ಅಪರಿಚಿತ ಗಂಡಸು ಅಂಗಳದಲ್ಲಿ ಕೈ ಜೋಡಿಸಿ ನಿಂತಿದ್ದ.

“ನಾಳೆಯಿಂದ ಒಬ್ಬಳೇ ಹೋಗ್ಬೇಡಮ್ಮ. ಐದಾರು ಜನ ಒಟ್ಟಿಗೆ ಹೋಗ್ರಿ. ಓಲೆ ಮನೇಲಿಟ್ಟು ಹೋಗ್ರಿ. ಏನೂ ಆಗಿಲ್ಲ ಅಂತ ಯಾರು ಹೇಳಿದ್ರೂ ನಂಬಬೇಡಿ, ನಿನ್ನ ತಮ್ಮ ಹೇಳಿದ್ರೂ ನಂಬಬೇಡ.”

ಅವಳು ಗಾಬರಿಯಿಂದ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನೀವು ಯಾರಣ್ಣಾ?”

“ಮಾರಕ್ಕನ ತಮ್ಮ” ಎಂದ ಮುನಿರಾಜಪ್ಪ. ಹೇಳಿ ಅವಳ ಜಗಲಿಯ ಮೇಲೆ ಕೂತ.