ಕೋವಿ ತಿಜೋರಿಯ ವಾಸನೆ

ಕೋವಿ ಇಡುವ ತಿಜೋರಿಯನ್ನು ನಾನು ತರಿಸಿಕೊಂಡದ್ದು ಇಲಿಗಳ ಮೇಲಿನ ಸಿಟ್ಟಿಗೆ.

ಯಲ್ಲಾಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ರವಿಕೆ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ, ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಮದುವೆಯಾಗಿ ಇದೇ ಊರಿನ ಈ ಮನೆಗೆ ಬಂದ ಎರಡನೆಯ ವರ್ಷದಿಂದ ಇದೇ ಕೆಲಸ. ಒಂದು ಸಲ ಮದುವೆ ಸೀಸನ್ನು ಶುರುವಾಗುವ ಹೊತ್ತಿಗೆ ಇಲಿಯೊಂದು ಮರದ ಕಪಾಟಿನ ಹಿಂಬದಿಯ ಹಲಗೆ ಕಡಿದು ಒಳಗೆ ನುಗ್ಗಿ, ಕುಚ್ಚಿಗೆಂದು ಬಂದಿದ್ದ ಧಾರೆ ಸೀರೆಯ ಸೆರಗನ್ನು ತಿಂದುಹಾಕಿತು. ಮದುಮಗಳ ತಾಯಿಯ ಮುಂದೆ ಸೀರೆ ಬಿಚ್ಚಿ ತೋರಿಸಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಸೀರೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಇನ್ನು ಮರದ ಕಪಾಟು ಸಾಕು, ಕಬ್ಬಿಣದ್ದೇ ಬೇಕು ಎಂದು ಅವತ್ತು ನಿರ್ಧಾರ ಮಾಡಿದೆ.

ನನ್ನ ಗಂಡ ಟೆಂಪೊ ಓಡಿಸುತ್ತಾರೆ. ಕಾನಸೂರಿನಿಂದ ಸ್ವಲ್ಪ ಒಳಗೆ, ಮಾರಾಟವಾದ ಒಂದು ದೊಡ್ಡ ಮನೆಯ ಸಾಮಾನು ಸಾಗಿಸಲು ಹೋದವರು ಅಲ್ಲಿಂದಲೇ ಫೋನ್ ಮಾಡಿದರು. ನಮ್ಮ ಮನೆಯ ಮಾತು ಉರ್ದು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಫೋಟೋ ಕಳಿಸಿದ್ದೇನೆ, ನೋಡು. ಕೋವಿ ಇಡೋ ತಿಜೋರಿಯಂತೆ. ಇವರಲ್ಲಿ ಯಾರಿಗೂ ಬೇಡವಂತೆ. ನಿನಗೆ ಬೇಕಾ?"

ನನ್ನ ಎತ್ತರದ ಕಬ್ಬಿಣದ ಪೆಟ್ಟಿಗೆ. ಬಾಗಿಲು ಅಂಗೈ ದಪ್ಪ. ಒಳಗೆ ಕೋವಿಗಳನ್ನು ನಿಲ್ಲಿಸಲು ಕಚ್ಚು ಹಾಕಿದ ಮರದ ಪಟ್ಟಿ, ಒಂದು ಬದಿಗೆ ಕಬ್ಬಿಣದ ಶೆಲ್ಫುಗಳು, ಸುತ್ತಲೂ ಹಸಿರು ಬಣ್ಣದ ದಪ್ಪ ಬಟ್ಟೆಯ ಒಳಪದರ. ಆ ಮನೆಯವರು ಮಂಗ, ಕಾಡುಹಂದಿ ಓಡಿಸಲು ಲೈಸೆನ್ಸಿನ ಕೋವಿ ಇಟ್ಟುಕೊಂಡಿದ್ದರಂತೆ. ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಕೋವಿಯನ್ನು ಠಾಣೆಗೆ ಒಪ್ಪಿಸಿದ್ದರು. ತಿಜೋರಿ ಬಾಗಿಲು ಹಾಕಿಕೊಂಡು ಹಾಗೇ ನಿಂತಿತ್ತು.

"ತನ್ನಿ," ಎಂದೆ.

ನಾಲ್ಕು ಜನ ಸೇರಿ ಇಳಿಸಿ ಅಂಗಡಿಯ ಪಡುವಣ ಗೋಡೆಗೆ ಒರಗಿಸಿದರು. ಬಾಗಿಲು ತೆಗೆದಾಗ ಎಣ್ಣೆಯ ವಾಸನೆ, ಮುಗ್ಗಲು ವಾಸನೆ ಸ್ವಲ್ಪ ಇತ್ತು. ಹೊಲಿಗೆ ಮಶೀನಿನ ಎಣ್ಣೆಯಲ್ಲೇ ದಿನ ಕಳೆಯುವವಳು ನಾನು, ಅದು ದೊಡ್ಡದೆನಿಸಲಿಲ್ಲ. ಒರೆಸಿ, ಡಾಂಬರು ಗುಳಿಗೆ ಹಾಕಿ, ಗಿರಾಕಿಗಳ ಸೀರೆ, ರವಿಕೆಗಳನ್ನೆಲ್ಲ ಜೋಡಿಸಿದೆ. ಬೀಗ ತಿರುಗಿಸಿದಾಗ ಆದ ಸಮಾಧಾನ ಹೇಳತೀರದು.

ಮೇ ತಿಂಗಳ ಬಿಸಿಲಿಗೆ ಆ ಗೋಡೆ ಕಾಯುತ್ತದೆ. ಗೋಡೆಯ ಜೊತೆ ತಿಜೋರಿಯೂ ಕಾಯಿತು. ಒಳಗೆ ಏನಾಗುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಇಡೀ ದಿನ ಅದರ ಪಕ್ಕದಲ್ಲೇ ಕೂತು ಹೊಲಿಯುವ ಮೂಗಿಗೆ ಅದು ಅಭ್ಯಾಸವಾಗಿಹೋಗಿತ್ತು.

ಒಂದು ಬೆಳಿಗ್ಗೆ ಅಕ್ಕೋರು ಬಂದರು. ನಮ್ಮ ಕಡೆ ಶಾಲೆಯ ಟೀಚರನ್ನು ಅಕ್ಕೋರು ಎನ್ನುತ್ತೇವೆ. ನನಗೆ ಮೂರನೆಯ ಕ್ಲಾಸಿನಲ್ಲಿ ಕನ್ನಡ ಕಲಿಸಿದವರು, ಈಗ ನಿವೃತ್ತರು. ನನ್ನ ಅಂಗಡಿಯ ಮೊದಲ ಗಿರಾಕಿಯೂ ಅವರೇ. ಜೊತೆಯಲ್ಲಿ ಅವರ ತಂಗಿಯ ಮಗಳಿದ್ದಳು. ಹಿಂದಿನ ದಿನ ಒಯ್ದಿದ್ದ ಆಕೆಯ ರೇಷ್ಮೆ ರವಿಕೆ ಅಕ್ಕೋರ ಕೈಯಲ್ಲಿತ್ತು. ಅಂಗಡಿಯಲ್ಲಿ ಇನ್ನಿಬ್ಬರು ಹೆಂಗಸರು ಅಳತೆ ಕೊಡಲು ಕೂತಿದ್ದರು.

"ತಂಗಿ, ಇದನ್ನೊಂದು ಚೂರು ಮೂಸಿ ನೋಡು," ಎಂದರು ಅಕ್ಕೋರು.

ಮೂಸಿದೆ. ನಿಜ. ಹಳೆಯ ಜಿಡ್ಡು, ಅದರ ಕೆಳಗೆ ಹಸಿ ಚರ್ಮದಂಥ ಏನೋ ಒಂದು.

ಹುಡುಗಿ ಅಕ್ಕೋರ ಕಡೆ ತಿರುಗಿ ಅವರ ಮನೆಮಾತಿನಲ್ಲಿ ಅಂದಳು, "ಎಂತ ವಾಸ್ನೆ ಇದು! ಆನು ಇದ್ನ ಹಾಕ್ಯಂಡು ಮದ್ವೆ ಮನೆಗೆ ಹ್ಯಾಂಗೆ ಹೋಗದು?" ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದಳೇನೋ. ಈ ಊರಲ್ಲಿ ಹುಟ್ಟಿ ಬೆಳೆದವಳಿಗೆ ಅರ್ಥವಾಗದೆ ಏನು?

ಅಕ್ಕೋರು ದನಿ ತಗ್ಗಿಸಿದರು. ತಗ್ಗಿಸಿದ್ದರಿಂದಲೇ ಎಲ್ಲರಿಗೂ ಕೇಳಿಸಿತು. "ಬೇಜಾರ ಮಾಡ್ಕೊಳ್ಳಬೇಡ. ನಿಮ್ಮಲ್ಲಿ ಅಡುಗೆಮನೆ ಇಲ್ಲೇ ಪಕ್ಕದಲ್ಲಿ. ಮೀನು, ಮಾಂಸ ಎಲ್ಲ ಬೇಯಿಸೋದು ಇದ್ದದ್ದೇ. ಬಟ್ಟೆನ ಬೇರೆ ಕಡೆ ಇಡು ಮಾರಾಯ್ತಿ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೇನೆ."

ನಾನು "ಹೂಂ ಅಕ್ಕೋರೆ" ಎಂದೆ. ಅಷ್ಟೇ. ಅವರು ರವಿಕೆ ತೆಗೆದುಕೊಂಡು ಹೋದರು. ಅಳತೆ ಕೊಡಲು ಬಂದವರಲ್ಲಿ ಒಬ್ಬರು "ನಾಳೆ ಬರ್ತೆ" ಎಂದು ಬಟ್ಟೆಯ ಕಟ್ಟನ್ನು ಎತ್ತಿಕೊಂಡರು. ಇನ್ನೊಬ್ಬರೂ ಅವರ ಹಿಂದೆಯೇ ಎದ್ದು ಹೋದರು.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ. ಅಡುಗೆಮನೆ ತಿಕ್ಕಿದೆ. ಗೋಡೆಯ ಟೈಲ್ಸು, ಡಬ್ಬಿ, ಮಸಾಲೆ ಅರೆಯುವ ಮಿಕ್ಸರು, ಬಾಗಿಲಿನ ಪರದೆ ಎಲ್ಲ ತೊಳೆದೆ. ಎಂಟು ದಿನ ಮನೆಯಲ್ಲಿ ಬೇಳೆಸಾರು, ಬಟಾಟೆ ಪಲ್ಯ ಬಿಟ್ಟು ಬೇರೇನೂ ಮಾಡಲಿಲ್ಲ. ಹೊಲಿಯಲು ಕೂರುವ ಮುಂಚೆ ಕೈ ಮೂಸಿ ನೋಡಿಕೊಳ್ಳುತ್ತಿದ್ದೆ. ನನ್ನ ಕೈಯನ್ನು, ನನ್ನ ದುಪಟ್ಟಾವನ್ನು, ನನ್ನ ಕೂದಲನ್ನು.

ಒಂಬತ್ತನೆಯ ದಿನ ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಕಾರವಾರದ ಕಡೆಯಿಂದ ಬಂಗಡೆ ಗಾಡಿ ದಿನಾ ಬರ್ತಿದೆ. ನಮ್ಮ ಮನೆಯಲ್ಲಿ ಯಾರಿಗೆ ಕಾಯಿಲೆ?"

ಹೇಳಿದೆ. ಹೇಳುವಾಗ ಅಳು ಬಂತು. ಅತ್ತೆಗೆ ಅಳು ಬರಲಿಲ್ಲ, ಕಣ್ಣು ಸಣ್ಣದಾಯಿತು.

"ನಾನು ಈ ಒಲೆ ಮುಂದೆ ಮೀನು ಕರಿಯೋದಕ್ಕೆ ಶುರು ಮಾಡಿದಾಗ ನಿನ್ನ ಗಂಡ ಹುಟ್ಟಿರಲಿಲ್ಲ. ನೀನು ಬಂದ ಮೇಲೂ ಕರಿದಿದ್ದೇನೆ. ಇಷ್ಟು ವರ್ಷ ಆ ಟೀಚರು ನಿನ್ನ ಕೈಯಲ್ಲೇ ಹೊಲಿಸಿದ್ದಲ್ಲವಾ? ಆಗೆಲ್ಲ ಬಾರದ ವಾಸನೆ ಈಗ ಎಲ್ಲಿಂದ ಬಂತು? ಹೊಸದಾಗಿ ಈ ಮನೆಗೆ ಏನು ಬಂದಿದೆ, ಅದನ್ನು ನೋಡು."

ಇಬ್ಬರೂ ಒಟ್ಟಿಗೇ ತಿಜೋರಿಯ ಕಡೆ ನೋಡಿದೆವು. ಬಾಗಿಲು ತೆಗೆದು, ಬಟ್ಟೆಯೆಲ್ಲ ಹೊರಗಿಟ್ಟು, ತಲೆ ಒಳಗೆ ಹಾಕಿ ಉಸಿರೆಳೆದೆ. ಕೂಡಲೇ ತಲೆ ಹೊರಗೆಳೆದುಕೊಂಡೆ. ನನ್ನ ಮನೆಯ ಯಾವ ಪಾತ್ರೆಯಲ್ಲೂ ಎಂದೂ ಹುಟ್ಟದ ವಾಸನೆ ಅದು. ಇಷ್ಟು ದಿನ ನಾನು ನನ್ನ ಮೂಗನ್ನು ಬಿಟ್ಟು ಅಕ್ಕೋರ ಮಾತನ್ನು ನಂಬಿದ್ದೆ.

ಗಂಡ ಬಂದವರೇ, "ನನ್ನದೇ ತಪ್ಪು. ನಾಳೆ ಗುಜರಿಗೆ ಹಾಕಿ ಬರ್ತೇನೆ," ಎಂದರು.

"ಬೇಡ."

"ಮತ್ತೆ? ಲೋಬಾನ ಹಾಕಿ ಹೊಗೆ ಕೊಡು, ಅತ್ತರು ಸಿಂಪಡಿಸು. ಏನಾದರೂ ಮಾಡು."

"ಅದೂ ಬೇಡ. ಅತ್ತರು ಹಾಕಿದರೆ ನಾಳೆ, ಮಾಂಸದ ವಾಸನೆ ಮುಚ್ಚೋಕೆ ಅತ್ತರು ಹಾಕಿದ್ದಾಳೆ ಅಂತಾರೆ. ನಾನು ಮುಚ್ಚೋದಿಲ್ಲ. ಕಿತ್ತು ತೆಗೀತೇನೆ."

ಮರುದಿನ ಅಂಗಡಿಗೆ ರಜೆ. ಗಂಡ, ಮೈದುನ, ಪಕ್ಕದ ಗ್ಯಾರೇಜಿನ ಇಬ್ಬರು ಸೇರಿ ತಿಜೋರಿಯನ್ನು ಅಂಗಳಕ್ಕೆ ಎಳೆದರು. ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ, ರಸ್ತೆಗೆ ಮುಖಮಾಡಿ ನಿಲ್ಲಿಸಲು ನಾನೇ ಹೇಳಿದೆ. ಹಳೆಯ ಕತ್ತರಿಯನ್ನು ಮೂಲೆಗೆ ತೂರಿಸಿ ಹಸಿರು ಒಳಪದರವನ್ನು ಸುಲಿಯತೊಡಗಿದೆ. ಕೆಳಗೆ ಅಂಟು ಕಪ್ಪಗಾಗಿ, ಎಣ್ಣೆ ಕುಡಿದು, ಬೂಸ್ಟು ಹಿಡಿದು ಕೂತಿತ್ತು. ಕೆಳಗಿನ ಶೆಲ್ಫಿನ ಹಿಂದೆ ಕತ್ತರಿ ಯಾವುದಕ್ಕೋ ತಾಗಿ ನಿಂತಿತು. ಕೈ ಹಾಕಿ ಎಳೆದೆ. ಕೋವಿಯ ಗುಂಡಿನ ತೋಟಾ ಸಿಕ್ಕಿಸಿಕೊಂಡು ಸೊಂಟಕ್ಕೆ ಕಟ್ಟುವ ಚರ್ಮದ ಪಟ್ಟಿ. ತೋಟಾ ಒಂದೂ ಇರಲಿಲ್ಲ. ಚರ್ಮ ಮೆದುವಾಗಲೆಂದು ಯಾವ ಕಾಲದಲ್ಲೋ ಸವರಿದ ಕೊಬ್ಬು ಕೊಳೆತು, ಪಟ್ಟಿ ಕೈಗೆ ಅಂಟುತ್ತಿತ್ತು.

ಅತ್ತೆ ಮೂಗಿಗೆ ಸೆರಗು ಹಿಡಿದು ಹತ್ತಿರ ಬಂದರು. "ಇದೇ," ಎಂದರು. ಅದನ್ನು ಎಸೆಯಲು ನಾನು ಬಿಡಲಿಲ್ಲ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿತ್ತಲ ಮೂಲೆಯಲ್ಲಿಟ್ಟೆ.

ಒಳಪದರವೆಲ್ಲ ಕಿತ್ತ ಮೇಲೆ ಅಂಟನ್ನು ಕೆರೆದೆ. ರೇಷ್ಮೆ ಸೀರೆಯ ಜಿಡ್ಡು ತೆಗೆಯಲು ನಾನು ಬಳಸುವುದು ಅಂಟುವಾಳದ ಕಾಯಿ. ಅದನ್ನೇ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಬಿಸಿಬಿಸಿ ನೊರೆಯಲ್ಲಿ ಕಬ್ಬಿಣವನ್ನು ಮೂರು ಸಲ ತಿಕ್ಕಿದೆ. ಆಮೇಲೆ ಅಡುಗೆ ಸೋಡಾ ಕಲಸಿ ಹಚ್ಚಿ, ಒಣಗಿದ ಮೇಲೆ ಒರೆಸಿದೆ. ನೀರು ನಿಂತರೆ ತುಕ್ಕು ಹಿಡಿಯುತ್ತದೆಂದು ಮೂಲೆಮೂಲೆಗೂ ಹಳೆಯ ಪಂಚೆ ತೂರಿಸಿ ಒಣಗಿಸಿದೆ. ನಾಲ್ಕು ದಿನ ಬಾಗಿಲು ತೆರೆದು ಬಿಸಿಲಿಗೆ ಬಿಟ್ಟೆ. ಹೋಗುವವರು ಬರುವವರು ಕೇಳುತ್ತಿದ್ದರು, "ಎಂತ ಇದು, ಕೋವಿ ತಗೊಂಡ್ಯಾ?" "ಹೌದು, ಇಲಿ ಹೊಡೆಯೋಕೆ," ಎನ್ನುತ್ತಿದ್ದೆ.

ವಾಸನೆ ಹೋಯಿತೋ ಇಲ್ಲವೋ ನೋಡಬೇಕಲ್ಲ. ಒಗೆದು ಒಣಗಿಸಿದ ಬಿಳಿ ಮಲ್ ಬಟ್ಟೆಯ ತುಂಡೊಂದನ್ನು ಒಳಗೆ ತೂಗುಹಾಕಿ, ಬೀಗ ಹಾಕಿ ಎರಡು ದಿನ ಬಿಟ್ಟೆ. ತೆಗೆದು ಅತ್ತೆಯ ಕೈಗೆ ಕೊಟ್ಟೆ. ಅವರು ಮೂಸಿ, ತಲೆಯಾಡಿಸಿದರು. "ಇನ್ನೂ ಇದೆ. ಸ್ವಲ್ಪ."

ನನಗೆ ರೇಗಿತು. ಮತ್ತೆ ತಲೆ ಒಳಗೆ ಹಾಕಿ ಒಂದೊಂದೇ ಜಾಗ ಮೂಸಿದೆ. ಕಬ್ಬಿಣದಲ್ಲಿ ಏನೂ ಇರಲಿಲ್ಲ. ಕೋವಿ ನಿಲ್ಲಿಸುವ ಮರದ ಪಟ್ಟಿಯಲ್ಲಿತ್ತು, ಬಾಗಿಲಿನ ಅಂಚಿನ ರಬ್ಬರಿನಲ್ಲಿತ್ತು. ಮರ ಎಣ್ಣೆ ಕುಡಿದಿದ್ದರೆ ಎಷ್ಟು ತೊಳೆದರೂ ಅಷ್ಟೇ. ಎರಡನ್ನೂ ಕಿತ್ತೆಸೆದೆ. ಗ್ಯಾರೇಜಿನವರು ಹೊಸ ರಬ್ಬರು ಕೂರಿಸಿ, ಇಲಿ ನುಗ್ಗದಂತೆ ತಳದಲ್ಲಿದ್ದ ಎರಡು ತೂತುಗಳಿಗೆ ಬೋಲ್ಟು ಬಿಗಿದುಕೊಟ್ಟರು. ಲೈನಿಂಗ್ ಬಟ್ಟೆಯ ಚೂರುಗಳಿಂದ ಚೀಲ ಹೊಲಿದು, ಇದ್ದಿಲು ತುಂಬಿ, ನಾಲ್ಕು ಮೂಲೆಗೆ ಕಟ್ಟಿದೆ. ಮತ್ತೆ ಬಿಳಿ ಬಟ್ಟೆ, ಮತ್ತೆ ಎರಡು ದಿನ.

ಈ ಸಲ ಅತ್ತೆ ಬಹಳ ಹೊತ್ತು ಮೂಸಿದರು. "ಈಗ ಬರೀ ಬಟ್ಟೆ ವಾಸನೆ ಬರ್ತಿದೆ," ಎಂದರು.

ಅವತ್ತೇ ಚರ್ಮದ ಪಟ್ಟಿಯ ಚೀಲ ಹಿಡಿದು ಅಕ್ಕೋರ ಮನೆಗೆ ಹೋದೆ. ಗಂಡ, "ದೊಡ್ಡವರು, ಬಿಟ್ಟುಬಿಡು," ಎಂದರು. ಬಿಡಲಿಲ್ಲ. ಅಕ್ಕೋರು ಜಗುಲಿಯಲ್ಲಿ ಕೂತು ಪೇಪರು ಓದುತ್ತಿದ್ದರು. ನಾನು ಮೆಟ್ಟಿಲ ಕೆಳಗೇ ನಿಂತು ಚೀಲದ ಗಂಟು ಬಿಚ್ಚಿದೆ.

"ಅಕ್ಕೋರೆ, ಇದನ್ನೊಂದು ಚೂರು ಮೂಸಿ ನೋಡಿ."

ಅವರು ಬಗ್ಗಿದರು. ಥಟ್ಟನೆ ಹಿಂದೆ ಸರಿದರು. "ಅದೇ ವಾಸನೆ!"

"ಹೌದು, ಅದೇ. ನಾನು ತಂದ ಹಳೇ ಕೋವಿ ತಿಜೋರಿಯಲ್ಲಿತ್ತು."

"ಯಾರ ಮನೇದು?"

ಹೇಳಿದೆ. ಅವರಿಗೆ ಆ ಮನೆ ಗೊತ್ತಿತ್ತು, ಅವರದೇ ಜನ. ಆ ಮನೆಯ ಅಡುಗೆಮನೆಗೆ ಒಂದು ಮೊಟ್ಟೆಯೂ ಬಂದದ್ದಿಲ್ಲವೆಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಪೇಪರನ್ನು ಮಡಚಿದರು, ಮತ್ತೆ ಬಿಚ್ಚಿದರು.

"ನೀನು ಅವತ್ತೇ ಹೇಳಬಹುದಿತ್ತಲ್ಲ ತಂಗಿ."

"ನೀವು ಕೇಳಲಿಲ್ಲ ಅಕ್ಕೋರೆ. ಹೇಳಿದಿರಿ."

ಹೀಗೆ ನಾನು ಅವರೆದುರು ಎಂದೂ ಮಾತಾಡಿದವಳಲ್ಲ. ಕಾಗುಣಿತ ತಪ್ಪಿದರೆ ಬೆತ್ತ ತೋರಿಸುತ್ತಿದ್ದವರು ಅವರು. ಅಕ್ಕೋರು ಪೇಪರನ್ನು ಪಕ್ಕಕ್ಕಿಟ್ಟು, "ತಪ್ಪಾಯ್ತು," ಎಂದರು. "ಆ ಇಬ್ಬರ ಎದುರಿಗೆ ಹೇಳಬಾರದಿತ್ತು."

"ಯಾರೂ ಇಲ್ಲದಾಗ ಹೇಳಿದ್ದರೂ ಅದು ಸುಳ್ಳೇ ಆಗ್ತಿತ್ತು."

ಅಕ್ಕೋರು ಎದ್ದು ನಿಂತರು. ಒಳಗೆ ಬಾ ಎಂದು ಕರೆದರು. ಕೆಲಸವಿದೆ ಎಂದು ನಾನು ಹೋಗಲಿಲ್ಲ. ಚೀಲವನ್ನು ಬರುವ ದಾರಿಯಲ್ಲಿ ಪಂಚಾಯಿತಿಯ ಕಸದ ಗಾಡಿಗೆ ಹಾಕಿದೆ.

ಹದಿನೈದು ದಿನದ ಮೇಲೆ ಅಕ್ಕೋರು ಎರಡು ರವಿಕೆ ಬಟ್ಟೆ ಹಿಡಿದು ಬಂದರು. ಆಗ ಒಳಗೆ ಅತ್ತೆ ಬಂಗಡೆ ಕರಿಯುತ್ತಿದ್ದರು. ಘಮ ಅಂಗಡಿಯ ತುಂಬ ಇತ್ತು. ಮೊದಲಾಗಿದ್ದರೆ ಓಡಿಹೋಗಿ ನಡುವಿನ ಬಾಗಿಲು ಹಾಕುತ್ತಿದ್ದೆ. ಅವತ್ತು ಹಾಕಲಿಲ್ಲ. ಅಕ್ಕೋರು ಮೂಗು ಮುಚ್ಚಲಿಲ್ಲ. ಕಷ್ಟವಾಯಿತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ಕೂತರು, ಅಳತೆ ಕೊಟ್ಟರು, ಕತ್ತು ಸ್ವಲ್ಪ ಮೇಲಿರಲಿ ಎಂದರು. ನಾನು ಬಟ್ಟೆಯನ್ನು ಅವರ ಎದುರೇ ತಿಜೋರಿಗೆ ಹಾಕಿ ಬೀಗ ತಿರುಗಿಸಿದೆ.

ಅವರ ತಂಗಿಯ ಮಗಳು ಮತ್ತೆ ಬರಲಿಲ್ಲ. ಎದ್ದುಹೋದ ಇಬ್ಬರಲ್ಲಿ ಒಬ್ಬರು ಬಂದರು, ಇನ್ನೊಬ್ಬರು ಈಗ ಸಿರಸಿಯಲ್ಲಿ ಹೊಲಿಸುತ್ತಾರಂತೆ. ಹೊಲಿಸಲಿ. ವಾರಕ್ಕೊಮ್ಮೆ ಇದ್ದಿಲಿನ ಚೀಲಗಳನ್ನು ಬಿಸಿಲಿಗೆ ಹಾಕುತ್ತೇನೆ. ಯಾರಾದರೂ ಹೊಸಬರು, "ಬಟ್ಟೆಗೆ ವಾಸನೆ ಬರೋದಿಲ್ಲ ಅಲ್ವಾ?" ಎಂದು ಅನುಮಾನದಿಂದ ಕೇಳಿದರೆ ತಿಜೋರಿಯ ಬಾಗಿಲನ್ನು ಪೂರ್ತಿ ತೆರೆಯುತ್ತೇನೆ. ತಲೆ ಒಳಗೆ ಹಾಕಿ ನೋಡಿ ಎನ್ನುತ್ತೇನೆ. ಕೆಲವರು ನಾಚಿಕೊಳ್ಳುತ್ತಾರೆ, ಕೆಲವರು ನಿಜವಾಗಿಯೂ ಹಾಕಿ ನೋಡುತ್ತಾರೆ.