ಪಾರ್ಕಿನಲ್ಲಿ ಕೂತ ದೊಡ್ಡಮ್ಮ

ನರ್ಸಿಂಗ್ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುವಾಕೆಯನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಅದು ವಯಸ್ಸಿಗೆ ಸಂದ ಗೌರವ ಎಂದು ದೊಡ್ಡಮ್ಮ ನಂಬಿದ್ದರು. ಅದರಲ್ಲಿ ಗಾತ್ರದ ಪಾಲೂ ಇದೆ ಎನ್ನುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಇದ್ದದ್ದು ಮೈದುನನಿಗೊಬ್ಬನಿಗೆ. ಟಪಾಲು ಹಂಚುವ ಅವನು ಊರಿನ ಸುದ್ದಿಯನ್ನು ಕಾಗದಕ್ಕಿಂತ ಮೊದಲೇ ಮುಟ್ಟಿಸುತ್ತಿದ್ದ.

"ಅತ್ತಿಗೆ, ದೊಡ್ಡ ಪಾರ್ಕಲ್ಲಿ ನಿಮ್ಮ ಮೂರ್ತಿ ಕೂರಿಸಿದ್ದಾರೆ! ಕಂಚಿಂದು. ಎರಡು ಅಂತಸ್ತಿನಷ್ಟಿದೆ!"

"ನಾಲಿಗೆಗೆ ಮೂಳೆ ಇಲ್ಲ ನಿಂಗೆ," ಎಂದು ದೊಡ್ಡಮ್ಮ ಸೌಟು ಎತ್ತಿದರು. ಅವನು ಓಡಿದ. ಮಾತು ಮಾತ್ರ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಅಲ್ಲೇ ಉಳಿಯಿತು.

ಭಾನುವಾರ ಮಧ್ಯಾಹ್ನದ ಪಾತ್ರೆ ಕವುಚಿಟ್ಟವರೇ ಮನೆಗೆ ಬಂದು, ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡನ ಮುಂದೆ ನಿಂತರು. "ಏಳ್ರಿ. ಅದೇನಂತ ನೋಡ್ಕೊಂಡೇ ಬರೋಣ. ನನ್ನ ಹಾಗೇ ಇದ್ರೆ ಮಾಡಿದವನ ಗ್ರಹಚಾರ ಬಿಡಿಸ್ತೀನಿ."

ಯಜಮಾನರು ಭೂತಗನ್ನಡಿ ಕೆಳಗಿಟ್ಟು ಚಪ್ಪಲಿ ಮೆಟ್ಟಿದರು. ವಾದ ಮಾಡಿ ಗೆದ್ದ ಅಭ್ಯಾಸ ಅವರಿಗಿರಲಿಲ್ಲ.

ಪಾರ್ಕಿನ ನಡುವೆ ಕಂಚಿನ ಹೆಂಗಸೊಬ್ಬಳು ಕಾಲು ಚಾಚಿ, ಕೈ ಹಿಂದಕ್ಕೆ ಊರಿ, ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದಳು. ದೊಡ್ಡಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಸುತ್ತು ಹಾಕಿದರು. "ತಲೆ ನೋಡಿದ್ರೆ ನಿಂಬೆಹಣ್ಣು, ಕೆಳಗೆ ನೋಡಿದ್ರೆ ಹಿಟ್ಟಿನ ಮೂಟೆ! ಹೇಳ್ರಿ, ನಾನು ಹೀಗಿದೀನಾ?"

ಯಜಮಾನರು ಮೂರ್ತಿಯನ್ನೂ ಹೆಂಡತಿಯನ್ನೂ ನೋಡಿದರು. ಯಾವ ಉತ್ತರ ಕೊಟ್ಟರೂ ಕಷ್ಟ. ಕೆಳಗಿದ್ದ ಫಲಕದತ್ತ ಬಗ್ಗಿ ಗಟ್ಟಿಯಾಗಿ ಓದಿದರು: "ವಿಶ್ರಾಂತಿ."

ದೊಡ್ಡಮ್ಮನ ಮುಖ ಅರಳಿತು. "ಹಾಗಾದ್ರೆ ನಾನಲ್ಲ ಬಿಡಿ! ನಾನು ಜನ್ಮದಲ್ಲಿ ಯಾವತ್ತು ಹೀಗೆ ಕೂತಿದ್ದೆ?"

ನಕ್ಕರು. ನಕ್ಕು ಮುಗಿದ ಮೇಲೆ ಆ ಪ್ರಶ್ನೆ ಅವರನ್ನೇ ಕೇಳಿದಂತಾಯಿತು. ಕಂಚಿನವಳ ನೆರಳಿನಲ್ಲಿ ಹುಲ್ಲು ತಂಪಾಗಿತ್ತು. ಒಂದು ಗಳಿಗೆ ಎಂದು ಕೂತರು, ಕಾಲು ಚಾಚಿದರು, ತಲೆ ಒರಗಿತು. ಗೊರಕೆ ಶುರುವಾದಾಗ ಹತ್ತಿರದ ಪಾರಿವಾಳಗಳು ಹಾರಿಹೋದವು. ನಾಲ್ಕಾರು ಜನ ಫೋನ್ ಹಿಡಿದು ನಿಂತರು. ಕೆಲವರು ಇದೂ ಕಲಾಕೃತಿಯ ಭಾಗವೆಂದೇ ತಿಳಿದರು.

ಕಾವಲುಗಾರ ಸೀಟಿ ಊದುತ್ತ ಬಂದ. "ಸಾರ್, ಇಲ್ಲಿ ಮಲಗೋ ಹಾಗಿಲ್ಲ. ಎಬ್ಬಿಸಿ."

ಪಕ್ಕದಲ್ಲಿ ಕೂತಿದ್ದ ಯಜಮಾನರು ಎದ್ದು ಅಡ್ಡ ನಿಂತರು. ಮೇಲೆ ಬೆರಳು ತೋರಿಸಿ ಪಿಸುಗುಟ್ಟಿದರು: "ಮೊದ್ಲು ಅವಳನ್ನ ಎಬ್ಬಿಸಿ. ಆಮೇಲೆ ಇವಳನ್ನ ನೋಡೋಣ."

ಕಾವಲುಗಾರ ಕತ್ತೆತ್ತಿ ಕಂಚಿನವಳನ್ನು ನೋಡಿದ, ಸೀಟಿ ಜೇಬಿಗೆ ಹಾಕಿಕೊಂಡ. ಅಷ್ಟೇ ಅಲ್ಲ, ಫೋನ್ ಹಿಡಿದವರನ್ನೂ ಅವನೇ ಚದುರಿಸಿದ.

ದೊಡ್ಡಮ್ಮ ಹಾಸ್ಟೆಲ್ ಮುಟ್ಟುವಾಗ ರಾತ್ರಿ ಊಟದ ಹೊತ್ತು ಮೀರಿತ್ತು. ವಾರ್ಡನ್ ಬಾಗಿಲಲ್ಲೇ ನಿಂತಿದ್ದರು. "ಎಲ್ಲಿ ಹೋಗಿದ್ರಿ?"

"ಪಾರ್ಕಲ್ಲಿ ಮಲಗಿದ್ದೆ," ಎಂದು ನಿಜ ಹೇಳಿಬಿಟ್ಟರು. ಹೇಳಿದ ಮೇಲೆ ಧೈರ್ಯ ಬಂತು. "ಇನ್ಮೇಲೆ ಭಾನುವಾರ ಸಂಜೆ ನಾನು ಬರಲ್ಲ. ಹುಡುಗೀರು ಸೂಜಿ ಚುಚ್ಚೋದು ಕಲೀತಿದ್ದಾರೆ, ಒಗ್ಗರಣೆ ಹಾಕೋದೂ ಕಲೀಲಿ."

ವಾರ್ಡನ್ ಬಾಯಿ ತೆರೆದರು. ಹಿಂದಿನಿಂದ ಹುಡುಗಿಯರು ಚಪ್ಪಾಳೆ ತಟ್ಟಿದ್ದರಿಂದ ಮುಚ್ಚಿದರು.

ಮುಂದಿನ ಭಾನುವಾರ ಸಂಜೆ ಹುಡುಗಿಯರೇ ಅಡುಗೆ ಮಾಡಿದರು. ಸೋಮವಾರ ಬೆಳಗ್ಗೆ, ತಳ ಹತ್ತಿ ಕರಿಯಾದ ಪಾತ್ರೆ ದೊಡ್ಡಮ್ಮನಿಗಾಗಿ ಕಾದಿತ್ತು. ಉಜ್ಜುತ್ತ ಉಜ್ಜುತ್ತ ಎಲ್ಲರನ್ನೂ ಬೈದರು. ಆದರೆ ಬೈಗುಳದಲ್ಲಿ ಎಂದಿನ ಖಾರವಿರಲಿಲ್ಲ, ಚೆನ್ನಾಗಿ ನಿದ್ದೆಯಾಗಿತ್ತು.